ಎಚ್.ಡಿ. ಕೋಟೆ ಹಾಡಿಗಳಲ್ಲಿ ಅರಣ್ಯ ಹಕ್ಕು ಅರ್ಜಿ ಕೆಲಸ, ಎರಡು ತಿಂಗಳು: ಏನು ಕಲಿತು ಹೋಗಲಿ?

ಕೊನೇ_ಸೆಮ್

ಬಿಎಸ್ಸಿ ಕೊನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಜೂನ್, ಜುಲೈ ಎರಡು ತಿಂಗಳು ಎಚ್.ಡಿ. ಕೋಟೆ ತಾಲ್ಲೂಕಿನ ಎರಡು ಹಾಡಿಗಳಲ್ಲಿ (ಆದಿವಾಸಿಗಳ ಸಣ್ಣ ಊರು) ಸ್ವಯಂಸೇವಕಿಯಾಗಿ ಕೆಲಸ ಮಾಡಲು ಒಪ್ಪಿಕೊಂಡಿದ್ದೇನೆ. ಒಂದು ಜೇನುಕುರುಬರ ಹಾಡಿ, ಇನ್ನೊಂದು ಬೆಟ್ಟಕುರುಬರದ್ದು. ಅರಣ್ಯವಾಸಿಗಳು ಉಳುವ, ಬಳಸುವ ಕಾಡಿನ ಮೇಲೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ತುಂಬಿಸುವುದು, ಜಮೀನಿನ ಜಿಪಿಎಸ್ ಅಳತೆ ಮಾಡುವುದು ನನ್ನ ಪಾಲಿನ ಕೆಲಸ ಅಂತ ಹೇಳಿದ್ದಾರೆ. ಕಾಯ್ದೆಯನ್ನು ಒಂದು ಸಲ ಓದಿದ್ದೇನೆ. ನನ್ನ ಬಳಿ ಇರುವುದು ಸಾಧಾರಣ ಆಂಡ್ರಾಯ್ಡ್ ಫೋನು.

ಕೇಳಬೇಕಾದ್ದು ಇಷ್ಟು: ಅರ್ಜಿಗಳು ಸಾಮಾನ್ಯವಾಗಿ ಎಲ್ಲಿ ಕೆಡುತ್ತವೆ? ಫೋನಿನ ಅಳತೆಯನ್ನು ನಂಬಬಹುದಾ? ಹಾಡಿಯಲ್ಲಿ ನಡೆದುಕೊಳ್ಳುವ ಬಗ್ಗೆ ಮೊದಲೇ ತಿಳಿದಿರಬೇಕಾದ್ದೇನು?

ಚೆಕ್‌ಬಂದಿ

ಫಾರಂ ಮುಟ್ಟುವ ಮುಂಚೆ ಆ ಹಾಡಿಯಲ್ಲೇ ಗ್ರಾಮಸಭೆ ಕೂತಿದೆಯಾ, ಅರಣ್ಯ ಹಕ್ಕು ಸಮಿತಿ ಆಯ್ಕೆ ಆಗಿದೆಯಾ ನೋಡಿ. ಪಂಚಾಯಿತಿಯವರು ವರ್ಷಕ್ಕೆರಡು ಸಲ ನಡೆಸುವ ಗ್ರಾಮಸಭೆ ಇದಕ್ಕೆ ಆಗುವುದಿಲ್ಲ. ಈ ಕಾಯ್ದೆಯ ಮಟ್ಟಿಗೆ ಹಾಡಿಯೇ ಹಳ್ಳಿ, ಹಾಡಿಯ ವಯಸ್ಕರೆಲ್ಲ ಸೇರಿದರೆ ಅದೇ ಗ್ರಾಮಸಭೆ. ಎಷ್ಟೋ ಕಡೆ ಇಡೀ ಪಂಚಾಯಿತಿಗೆ ಒಂದೇ ಸಭೆ ಮಾಡಿ, ಹಾಡಿಯ ನಾಲ್ಕು ಜನರ ಹೆಬ್ಬೆಟ್ಟು ಹಾಕಿಸಿ ಮುಗಿಸಿರುತ್ತಾರೆ. ಆ ನಡಾವಳಿಯ ಮೇಲೆ ನಿಂತ ಅರ್ಜಿಗಳೆಲ್ಲ ಮುಂದೆ ಒಟ್ಟಿಗೇ ಬೀಳುತ್ತವೆ.

ಲೆಕ್ಕ ಹೀಗೆ. ಸಮಿತಿಯಲ್ಲಿ 10ರಿಂದ 15 ಜನ, ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರರಲ್ಲಿ ಒಂದು ಪಾಲು ಹೆಂಗಸರು. ಸಭೆಯ ಕೋರಂ ಒಟ್ಟು ವಯಸ್ಕರ ಅರ್ಧ, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಅರ್ಜಿಗಳ ಮೇಲೆ ನಿರ್ಣಯ ಮಾಡುವ ದಿನ ಅರ್ಜಿದಾರರಲ್ಲಿ ಅರ್ಧದಷ್ಟು ಜನ, ಅಥವಾ ಅವರ ಪರವಾಗಿ ಯಾರಾದರೂ ಕೂತಿರಬೇಕು. 60 ವಯಸ್ಕರಿರುವ ಹಾಡಿ ಅಂದರೆ ಕನಿಷ್ಠ 30 ಜನ, ಅಷ್ಟೇ ಬಂದರೆ ಅವರಲ್ಲಿ 10 ಹೆಂಗಸರು. ಹಳೆಯ ಕೈಪಿಡಿಗಳಲ್ಲಿ ಮೂರನೇ ಎರಡು ಪಾಲು ಕೋರಂ ಅಂತ ಇರುತ್ತದೆ. ಅದು 2008ರ ನಿಯಮ, 2012ರ ಸೆಪ್ಟೆಂಬರ್ ತಿದ್ದುಪಡಿಯಲ್ಲಿ ಅರ್ಧಕ್ಕೆ ಇಳಿಯಿತು. ಸಮಿತಿಯ ಸದಸ್ಯರ ಸ್ವಂತ ಅರ್ಜಿ ಪರಿಶೀಲನೆಗೆ ಬಂದಾಗ ಅವರು ಎದ್ದು ಆಚೆ ಕೂರಬೇಕು, ಕೂತಿದ್ದನ್ನು ನಡಾವಳಿಯಲ್ಲಿ ಬರೆಯಬೇಕು. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಫಾರಂ ಮೂರು. 'ಎ' ವೈಯಕ್ತಿಕ ಹಕ್ಕಿಗೆ, 'ಬಿ' ಸಮುದಾಯ ಹಕ್ಕಿಗೆ, 'ಸಿ' ಸಮುದಾಯ ಅರಣ್ಯ ಸಂಪನ್ಮೂಲಕ್ಕೆ, ಅಂದರೆ ಹಾಡಿಯವರೆಲ್ಲ ಸೇರಿ ಕಾಯ್ದು ಬಳಸುವ ಕಾಡಿಗೆ. ಮೂರಕ್ಕೂ ಶುಲ್ಕ ಇಲ್ಲ. ಯಾರಾದರೂ ಫಾರಂ ಮಾರುತ್ತಿದ್ದರೆ ಅಲ್ಲಿ ಬೇರೆ ಏನೋ ನಡೆಯುತ್ತಿದೆ ಅಂತ ಅರ್ಥ. ಅರ್ಜಿ ಕೊಡಬೇಕಾದ್ದು ಹಾಡಿಯ ಅರಣ್ಯ ಹಕ್ಕು ಸಮಿತಿಗೆ, ಅವರು ದಿನಾಂಕ ಹಾಕಿ ಸ್ವೀಕೃತಿ ಕೊಡಬೇಕು. ವಲಯ ಅರಣ್ಯ ಕಚೇರಿಗೋ ಪಿಡಿಓ ಕೈಗೋ ಕೊಟ್ಟು ಬರುವುದು ಮಾಮೂಲಿ ತಪ್ಪು. ಅರ್ಜಿ ತೆಗೆದುಕೊಳ್ಳುವ, ತಿರಸ್ಕರಿಸುವ ಅಧಿಕಾರ ಯಾವ ಒಬ್ಬ ಅಧಿಕಾರಿಗೂ ಇಲ್ಲ ಅಂತ ನಿಯಮ 12-ಎ ನೇರವಾಗಿ ಹೇಳುತ್ತದೆ.

ಈಗ ಜಾತಿಯ ಕಾಲಂ. ನಿಮ್ಮ ಎರಡು ಹಾಡಿಗಳಿಗೆ ಇದೇ ದೊಡ್ಡ ಗುಂಡಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಭೂಮಿ ಸ್ವಾಧೀನದಲ್ಲಿತ್ತು ಅಂತ ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಅದರ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಪಡಿತರ ಚೀಟಿಯಲ್ಲೋ ಶಾಲೆಯ ದಾಖಲೆಯಲ್ಲೋ ಬರೀ 'ಕುರುಬ' ಅಂತ ಬಿದ್ದಿದ್ದರೆ, ಮೈಸೂರು ಜಿಲ್ಲೆಯಲ್ಲಿ ಅದು ಪರಿಶಿಷ್ಟ ಪಂಗಡ ಅಲ್ಲ. ಅರ್ಜಿ ಎರಡನೇ ಗುಂಪಿಗೆ ಜಾರಿ, 75 ವರ್ಷದ ಸಾಕ್ಷ್ಯ ಇಲ್ಲ ಅಂತ ವಾಪಸ್ ಬರುತ್ತದೆ. ಫಾರಂನಲ್ಲಿ 'ಜೇನುಕುರುಬ' ಅಂತ ಪೂರ್ತಿ ಬರೆಯಿರಿ, ಜಾತಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಬೆಟ್ಟಕುರುಬರದ್ದು ಇನ್ನೂ ಸೂಕ್ಷ್ಮ. ಪಟ್ಟಿಯಲ್ಲಿ ಬಹಳ ವರ್ಷ 'ಕಾಡುಕುರುಬ' ಅಂತ ಮಾತ್ರ ಇತ್ತು, ಅದರ ಜೊತೆಗೆ ಬೆಟ್ಟಕುರುಬ ಎಂಬ ಹೆಸರನ್ನು ಸೇರಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2022ರ ಡಿಸೆಂಬರ್‌ನಲ್ಲಿ. ಹಾಗಾಗಿ ಒಂದೇ ಮನೆಯಲ್ಲಿ ಅಪ್ಪನ ಪ್ರಮಾಣಪತ್ರ ಒಂದು ಹೆಸರಲ್ಲಿ, ಮಗನದ್ದು ಇನ್ನೊಂದರಲ್ಲಿ ಇರಬಹುದು. ಎರಡೂ ಒಂದೇ ಅಂತ ಗ್ರಾಮಸಭೆಯ ನಿರ್ಣಯದಲ್ಲೇ ಒಂದು ಸಾಲು ಬರೆಸಿ.

ಸಾಕ್ಷ್ಯ ಎರಡಾದರೂ ಬೇಕು. ಪಡಿತರ ಚೀಟಿ, ವೋಟರ್ ಕಾರ್ಡು ವಾಸಕ್ಕೆ ಸಾಕ್ಷಿ ಆಗುತ್ತವೆ, ಉಳುಮೆಗೆ ಅಲ್ಲ. ಎರಡನ್ನೇ ಸಿಕ್ಕಿಸಿ ಕಳಿಸಿದರೆ ಲೆಕ್ಕಕ್ಕೆ ಎರಡಾದರೂ ತೂಕ ಇರುವುದಿಲ್ಲ. ಒಂದು ಕಾಗದ, ಒಂದು ನೆಲದ ಗುರುತು, ಒಂದು ಹಿರಿಯರ ಹೇಳಿಕೆ ಅಂತ ಮೂರು ಬಗೆಯದು ಜೋಡಿಸಿ. ನೆಲದ ಗುರುತು ಅಂದರೆ ಹಾಕಿದ ಬದು, ಮಟ್ಟ ಮಾಡಿದ ಹೊಲ, ಬಾವಿ, ಹಿರೀಕರನ್ನು ಮಣ್ಣು ಮಾಡಿದ ಜಾಗ, ದೇವರ ಕಲ್ಲು. ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟ ಕಾಗದಗಳನ್ನೂ ಕೇಳಿ ನೋಡಿ. 2005ಕ್ಕೆ ಮುಂಚೆ 'ಒತ್ತುವರಿ' ಅಂತ ಅರಣ್ಯ ಇಲಾಖೆ ಹಾಕಿದ ಮೊಕದ್ದಮೆಯ ಕಾಗದವೋ ದಂಡದ ರಸೀದಿಯೋ ಸಿಕ್ಕರೆ ಅದಕ್ಕಿಂತ ಗಟ್ಟಿ ಸಾಕ್ಷ್ಯ ಇಲ್ಲ. ಆ ಹೊಲದಲ್ಲಿ ಈತ ಇದ್ದ ಅಂತ ಇಲಾಖೆಯೇ ಬರೆದುಕೊಟ್ಟ ಹಾಗೆ. ಹೆದರಿ ಬಚ್ಚಿಟ್ಟಿರುತ್ತಾರೆ, ಮೊದಲ ದಿನವೇ ಕೊಡುವುದಿಲ್ಲ.

ಹಿರಿಯರ ಹೇಳಿಕೆಯನ್ನು ಅರ್ಜಿದಾರರಲ್ಲದ ಹಿರಿಯರಿಂದಲೇ ತೆಗೆದುಕೊಳ್ಳಬೇಕು. ಇಸವಿ ಕೇಳಬೇಡಿ, ನೆನಪಿನ ಗೂಟ ಹಿಡಿದು ಕೇಳಿ. ಕಬಿನಿ ಅಣೆಕಟ್ಟಿನಲ್ಲಿ ನೀರು ನಿಂತಿದ್ದು (1974), ಇಂದಿರಾ ಗಾಂಧಿ ಹತ್ಯೆ (1984), ವೀರಪ್ಪನ್ ಸತ್ತಿದ್ದು (2004ರ ಅಕ್ಟೋಬರ್). ಡಿಸೆಂಬರ್ 2005ರ ಗಡಿಗೆ ಅತಿ ಹತ್ತಿರದ ಗೂಟ ಡಾ. ರಾಜ್‌ಕುಮಾರ್ ತೀರಿಕೊಂಡಿದ್ದು, 2006ರ ಏಪ್ರಿಲ್ 12. "ರಾಜ್‌ಕುಮಾರ್ ಹೋದರಲ್ಲ, ಅದರ ಹಿಂದಿನ ಸುಗ್ಗೀಲಿ ಈ ಹೊಲದಲ್ಲಿ ಏನಿತ್ತು?" ಅಂತ ಕೇಳಿದರೆ ರಾಗಿಯೋ ಹುರುಳಿಯೋ ತಟ್ಟನೆ ಹೇಳುತ್ತಾರೆ. ಆ ಮಾತನ್ನು ಹಾಗೇ ಬರೆಯಿರಿ. ಹತ್ತು ಜನರ ಹೇಳಿಕೆ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ, ಗ್ರಾಮಸಭೆಯ ನಂತರ ಅರ್ಜಿ ನೋಡುವ ಉಪವಿಭಾಗ ಸಮಿತಿಯಲ್ಲಿ ಮೊದಲ ಅನುಮಾನ ಅದರ ಮೇಲೆಯೇ.

ಫಾರಂ 'ಎ'ಯಲ್ಲಿ ಸ್ವಾಧೀನದ ಜಮೀನಿನ ಕಾಲಂ ತುಂಬಿ ಕೆಳಗಿನದೆಲ್ಲ ಖಾಲಿ ಬಿಡುತ್ತಾರೆ. ಪರಿಹಾರವಿಲ್ಲದೆ ಒಕ್ಕಲೆಬ್ಬಿಸಿದ ಭೂಮಿಗೂ ಅಲ್ಲಿ ಕಾಲಂ ಇದೆ. ನಾಗರಹೊಳೆ ಒಳಗಿಂದ ಹಿಂದೆ ಹೊರಬಂದ ಮನೆಗಳು ನಿಮ್ಮ ಹಾಡಿಯಲ್ಲಿದ್ದರೆ ಅದನ್ನು ತುಂಬದೆ ಕಳಿಸಬೇಡಿ. ಮದುವೆಯಾದವರಾದರೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಬರಬೇಕು, ಅದಕ್ಕೆ ಹೆಂಡತಿಯ ಹೆಸರು ಅವರ ಗುರುತಿನ ಚೀಟಿಯಲ್ಲಿ ಇರುವ ಹಾಗೇ ಇರಲಿ. ಬೊಮ್ಮ, ಬೊಮ್ಮಯ್ಯ, ಬೊಮ್ಮಣ್ಣ ಅಂತ ಮೂರು ಚೀಟಿಯಲ್ಲಿ ಮೂರು ಥರ ಇದ್ದರೆ ಮೂರನ್ನೂ 'ಉರುಫ್' ಹಾಕಿ ಬರೆದುಬಿಡಿ.

ನಕಾಶೆ_ನೋಡಿ

ಅಳತೆ ಬಗ್ಗೆ. ಬಯಲಲ್ಲಿ ಒಳ್ಳೆ ಫೋನು 3ರಿಂದ 5 ಮೀಟರ್ ನಿಖರತೆ ಕೊಡುತ್ತದೆ. ತೇಗ, ಬಿದಿರು ಮೆಳೆಯ ಅಡಿಯಲ್ಲಿ 10, 15 ಮೀಟರ್‌ಗೆ ಹೋಗುತ್ತದೆ. ಒಂದು ಎಕರೆಯ ಚೌಕ ಹೊಲದ ಒಂದು ಬದಿ ಸುಮಾರು 64 ಮೀಟರ್. ನಾಲ್ಕೂ ಕಡೆ 5 ಮೀಟರ್ ಆಚೆ ಬಿದ್ದರೆ ಹದಿಮೂರೂವರೆ ಗುಂಟೆ ಹೆಚ್ಚು ತೋರಿಸುತ್ತದೆ, ಒಳಗೆ ಬಿದ್ದರೆ ಹನ್ನೊಂದೂವರೆ ಗುಂಟೆ ಕಡಿಮೆ. ಎಕರೆ, ಅರ್ಧ ಎಕರೆಯ ತುಂಡುಗಳೇ ಇರುವ ಹಾಡಿಯಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ.

ಮಾಡುವ ಕ್ರಮ: ಹಿಂದಿನ ರಾತ್ರಿ ಆ ಜಾಗದ ನಕಾಶೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಅಲ್ಲಿ ನೆಟ್‌ವರ್ಕ್ ಸಿಗದೇ ಹೋಗಬಹುದು. ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ಓಡುತ್ತದೆ, ಆದರೆ ಮೊದಲ ಸಲ ಉಪಗ್ರಹ ಹಿಡಿಯಲು ಕೆಲವು ನಿಮಿಷ ಬೇಕು. ಬಯಲಲ್ಲಿ ಫೋನು ಹಿಡಿದು ಸುಮ್ಮನೆ ನಿಲ್ಲಿ. ಅರ್ಜಿದಾರರು, ಎರಡೂ ಪಕ್ಕದ ಹೊಲದವರು, ಸಮಿತಿಯ ಇಬ್ಬರು ಜೊತೆಗಿರಲಿ. ಪಕ್ಕದ ಹೊಲದವರು ಇಲ್ಲದೆ ಅಳೆದರೆ ಎರಡು ನಕಾಶೆಗಳು ಒಂದರ ಮೇಲೊಂದು ಹತ್ತುತ್ತವೆ, ಆಮೇಲೆ ಇಬ್ಬರದ್ದೂ ನಿಲ್ಲುತ್ತದೆ, ಹಾಡಿಯೊಳಗೆ ಜಗಳವೂ ನಿಮ್ಮಿಂದಲೇ. ಪ್ರತಿ ಮೂಲೆಯಲ್ಲಿ ಎರಡು ನಿಮಿಷ ನಿಂತು, ನಿಖರತೆ 5 ಮೀಟರ್ ಒಳಗೆ ಬಂದ ಮೇಲೆ ಬಿಂದು ಹಾಕಿ. ಮರದಡಿಯ ಮೂಲೆಯಾದರೆ ಬಯಲಿಗೆ ಸರಿದು ಅಲ್ಲಿ ಬಿಂದು ತೆಗೆದುಕೊಳ್ಳಿ, ಅಲ್ಲಿಂದ ಮೂಲೆಗೆ 30 ಮೀಟರ್ ಟೇಪು ಹಿಡಿದು ದೂರ, ದಿಕ್ಕು ಬರೆದುಕೊಳ್ಳಿ. ಹೊಲದ ಅಂಚು ಬಾಗಿದಲ್ಲೆಲ್ಲ ಬಿಂದು ಬೇಕು, ನಾಲ್ಕೇ ಮೂಲೆ ಹಾಕಿದರೆ ಹಳ್ಳದ ಪಕ್ಕದ ಹೊಲ ಅರ್ಧ ಹಳ್ಳಕ್ಕೆ ಸೇರುತ್ತದೆ.

ಅಂಕಿಗಳನ್ನು ದಶಮಾಂಶ ಡಿಗ್ರಿಯಲ್ಲಿ ಐದು ಸ್ಥಾನದವರೆಗೆ, ಪುಸ್ತಕದಲ್ಲೂ ಕೈಯಲ್ಲಿ ಬರೆಯಿರಿ. ಐದನೇ ಸ್ಥಾನ ಅಂದರೆ ಹೆಚ್ಚುಕಡಿಮೆ ಒಂದು ಮೀಟರ್. ಆ ಭಾಗದಲ್ಲಿ ಅಕ್ಷಾಂಶ 12ರ ಆಸುಪಾಸು, ರೇಖಾಂಶ 76ರ ಆಸುಪಾಸು. ಅದಲುಬದಲಾದರೆ ಹೊಲ ನಾರ್ವೆಯ ಉತ್ತರದ ಸಮುದ್ರದಲ್ಲಿ ತೇಲುತ್ತದೆ. ನಗಬೇಡಿ, ಇಂಥ ಪಟ್ಟಿಗಳು ಕಚೇರಿಗೆ ಹೋಗುತ್ತವೆ.

ಜಿಪಿಎಸ್ ಜೊತೆಗೆ ಚೆಕ್‌ಬಂದಿ ಬರೆಯುವುದನ್ನು ಬಿಡಬೇಡಿ: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ಮರ. ಆನೆ ಕಂದಕವನ್ನು ಕಣ್ಣುಮುಚ್ಚಿ ಗಡಿ ಅಂತ ತೆಗೆದುಕೊಳ್ಳಬೇಡಿ. ಕಂದಕ ಯಾವಾಗ ತೋಡಿದರು ಕೇಳಿ. ಹೊಲದ ನಡುವೆಯೇ ತೋಡಿದ್ದರೆ ಆಚೆಯ ತುಂಡನ್ನೂ ಅಳೆದು ಬೇರೆಯಾಗಿ ತೋರಿಸಿ. ಕಾಯ್ದೆಯ ಮಿತಿ 4 ಹೆಕ್ಟೇರ್, ಅಂದರೆ 9 ಎಕರೆ 35 ಗುಂಟೆ. ಅದು ಗರಿಷ್ಠ ಮಿತಿ ಅಷ್ಟೇ, ಎಲ್ಲರಿಗೂ ಅಷ್ಟು ಸಿಗುತ್ತದೆ ಅಂತಲ್ಲ. ಉಳುತ್ತಿದ್ದಷ್ಟನ್ನೇ ಬರೆಯಬೇಕು. ಎಲ್ಲರದ್ದೂ ಒಂದೇ ಸಮ 'ಮೂರು ಎಕರೆ' ಅಂತ ಬರೆದ ಕಟ್ಟು ಪರಿಶೀಲನೆಯಲ್ಲಿ ಉಳಿಯುವುದಿಲ್ಲ.

"ಉಪಗ್ರಹ ಚಿತ್ರದಲ್ಲಿ 2005ರಲ್ಲಿ ಕಾಡು ಕಾಣುತ್ತದೆ" ಅಂತ ಯಾರಾದರೂ ಅಂದರೆ, ಚಿತ್ರ ತೆಗೆದ ತಿಂಗಳು ಕೇಳಿ. ಬೇಲಿ ಸಾಲಿನ ಮರದ ನೆರಳು, ಬೀಳುಬಿಟ್ಟ ಹೊಲದ ಪೊದೆ ಕಾಡಿನಂತೆಯೇ ಕಾಣುತ್ತವೆ. ಇಂಥ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದು, ಬದಲಿ ಆಗದು ಅಂತ ಅದೇ ನಿಯಮ 12-ಎ ಹೇಳುತ್ತದೆ.

ಮತ್ತಿಮರ

ಜೂನ್-ಜುಲೈ ಅಳತೆಗೆ ಕೆಟ್ಟ ಕಾಲ, ಸಭೆಗೆ ಒಳ್ಳೆ ಕಾಲ. ಡಿಸೆಂಬರಿಂದ ಫೆಬ್ರವರಿವರೆಗೆ ಕೊಡಗಿನ ಕಾಫಿ ಕುಯ್ಲಿಗೆ, ಅದರ ಬೆನ್ನಿಗೇ ಮೆಣಸಿಗೆ ಹೋಗಿ ಹಾಡಿ ಅರ್ಧ ಖಾಲಿ ಇರುತ್ತದೆ, ಕೋರಂ ಸೇರುವುದೇ ಇಲ್ಲ. ಮಳೆಗಾಲದಲ್ಲಿ ಜನ ಸಿಗುತ್ತಾರೆ, ಬದು ಮಾತ್ರ ಕಳೆಯಲ್ಲಿ ಮುಚ್ಚಿರುತ್ತದೆ. ಹಾಗಾಗಿ ಮೊದಲ ತಿಂಗಳು ಸಭೆ, ಹೇಳಿಕೆ, ಕಾಗದ ಹುಡುಕುವುದು. ಮಳೆ ಬಿಟ್ಟ ಬೆಳಿಗ್ಗೆಗಳನ್ನು ಅಳತೆಗೆ ಇಟ್ಟುಕೊಳ್ಳಿ.

ಕೂಲಿ ಜೀಪು ಬರುವ ಹೊತ್ತಿಗೆ ಸಭೆ ಕರೆಯಬೇಡಿ. ಒಂದು ದಿನದ ಕೂಲಿ ಬಿಟ್ಟು ಯಾರೂ ಕೂರುವುದಿಲ್ಲ, ಕೂರಿಸಲೂ ಬಾರದು. ಸಂತೆ ದಿನ, ರಜೆ ದಿನ ಯಾವುದು ಅಂತ ಹಾಡಿಯ ಯಜಮಾನರನ್ನು ಕೇಳಿ ಅವರ ಬಾಯಲ್ಲೇ ಸಭೆ ಕರೆಸಿ. ಕತ್ತಲಾಗುವ ಮುಂಚೆ ಮುಗಿಯಲಿ, ಆನೆ ದಾರಿ.

ಹಾಡಿ ರಾಷ್ಟ್ರೀಯ ಉದ್ಯಾನದ ಒಳಗಿದ್ದರೆ ನಿಮಗೆ ಅನುಮತಿ ಬೇಕು. ಅಲ್ಲಿ ವಾಸಿಸುವವರಿಗೆ ಇರುವ ವಿನಾಯಿತಿ ಅವರ ಅತಿಥಿಗೆ ಇಲ್ಲ. ವನ್ಯಜೀವಿ ಕಾಯ್ದೆಯ 27, 28ನೇ ಸೆಕ್ಷನ್ ಓದಿಕೊಳ್ಳಿ. ನಿಮ್ಮನ್ನು ಕಳಿಸುತ್ತಿರುವ ಸಂಸ್ಥೆಯಿಂದ ಪತ್ರ ತೆಗೆದುಕೊಂಡು ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಲ್ಲಿ ಲಿಖಿತವಾಗಿ ಕೇಳಿ. "ಗಾರ್ಡ್ ಪರಿಚಯದವರೇ, ಬನ್ನಿ" ಅನ್ನುವ ಮಾತಿನ ಮೇಲೆ ಹೋದರೆ, ನಾಳೆ ನಿಮ್ಮ ಮೇಲೆ ಆಗುವ ಕೇಸಿನ ಬಿಸಿ ಹಾಡಿಗೆ ತಟ್ಟುತ್ತದೆ. ಕಾಡಂಚಿನ ಕಂದಾಯ ಭೂಮಿಯ ಹಾಡಿಗಾದರೆ ಈ ತೊಂದರೆ ಇಲ್ಲ.

ಉಣುಗು, ಜಿಗಣೆ ಎರಡೂ ಇವೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಶಿವಮೊಗ್ಗದ್ದು ಮಾತ್ರ ಅಂದುಕೊಳ್ಳಬೇಡಿ, 2012ರಲ್ಲಿ ಬಂಡೀಪುರದ ಕಡೆಯೂ ಕಾಣಿಸಿಕೊಂಡಿತ್ತು. ಉದ್ದ ತೋಳು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸುವುದು, ಆರೋಗ್ಯ ಕೇಂದ್ರದಲ್ಲಿ ಸಿಕ್ಕರೆ ಉಣುಗು ಕಚ್ಚದ ಹಾಗೆ ಹಚ್ಚುವ ಡೇಪಾ ಎಣ್ಣೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಲ್ಲಿ ಓಡಾಡಿದ್ದನ್ನು ವೈದ್ಯರಿಗೆ ಹೇಳಿ.

ನಡೆದುಕೊಳ್ಳುವುದರ ಬಗ್ಗೆ: ಅಜ್ಜ, ಅಜ್ಜಿ, ಅಣ್ಣ, ಅಕ್ಕ ಸಾಕು. ತಮ್ಮೊಳಗೆ ಅವರವರ ನುಡಿ ಆಡುತ್ತಾರೆ, ನಿಮ್ಮ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆದ್ದರಿಂದ ಗಟ್ಟಿಯಾಗಿ, ಮಕ್ಕಳಿಗೆ ಹೇಳುವ ಹಾಗೆ ಮಾತಾಡಬೇಡಿ. ಖಾಲಿ ಹಾಳೆಗೆ ಯಾವತ್ತೂ ಹೆಬ್ಬೆಟ್ಟು ತೆಗೆದುಕೊಳ್ಳಬೇಡಿ, "ಆಮೇಲೆ ತುಂಬುತ್ತೇನೆ" ಅಂದರೂ. ಬರೆದದ್ದನ್ನು ಇನ್ನೊಬ್ಬರ ಎದುರು ಓದಿ ಹೇಳಿ, ನಂತರ ಹೆಬ್ಬೆಟ್ಟು. ಆಧಾರ್ ಚಿತ್ರಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. "ಭೂಮಿ ಬಂದೇ ಬರುತ್ತೆ" ಅಂತ ಮಾತು ಕೊಡಬೇಡಿ, ಕೊಡುವ ಅಧಿಕಾರ ನಿಮ್ಮದಲ್ಲ.

ಪೋಡುದಾರಿ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮಾತೆಲ್ಲ ಫಾರಂ 'ಎ' ಸುತ್ತಲೇ ಸುತ್ತುತ್ತಿದೆ. ಎರಡು ಎಕರೆಯ ಹಕ್ಕುಪತ್ರದಿಂದ ಜೇನು, ಸೀಗೆ, ಅಂಟುವಾಳ, ಗೆಡ್ಡೆಗೆಣಸು ಸಿಗುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿತು. ಅಲ್ಲಿ ಕುಲಗಳ ಯೆಲ್ಲೆಗಳನ್ನು (ಪ್ರತಿ ಕುಲದ ಪಾಲಿನ ಕಾಡು), ಅದರೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ಹಿರಿಯರ ಜೊತೆ ನಡೆದು ಗುರುತಿಸಿದ ನಕಾಶೆಗಳಿವೆ. ಜಾಗದ ಹೆಸರೇ ಸಾಕ್ಷ್ಯ. ನಿಮ್ಮ ಹಾಡಿಯಲ್ಲೂ ಇಂಥ ಹೆಸರುಗಳು ಹಿರಿಯರ ಬಾಯಲ್ಲಿವೆ, ನಕಾಶೆಯಲ್ಲಿಲ್ಲ.

ಫಾರಂ 'ಬಿ', 'ಸಿ'ಗೆ ಬೇಕಾದ್ದು: ಜೇನು ಕೊಯ್ಯುವ ಮರ, ಬಂಡೆ, ಗೆಡ್ಡೆ ಅಗೆಯುವ ಜಾಗ, ಮೀನು ಹಿಡಿಯುವ ಮಡು, ದನದ ದಾರಿ, ನೀರಿನ ಸೆಲೆ, ದೇವರ ಬನ, ಸಮಾಧಿ. ಮೊದಲು ನೆಲದ ಮೇಲೆ ಕಡ್ಡಿ, ಕಲ್ಲು, ಎಲೆ ಇಟ್ಟು ನಕಾಶೆ ಮಾಡಿಸಿ. ಹೆಂಗಸರದ್ದು ಬೇರೆ, ಗಂಡಸರದ್ದು ಬೇರೆ. ಜೇನಿನ ದಾರಿ ಗಂಡಸರಿಗೆ ಗೊತ್ತು, ಸೊಪ್ಪು-ಗೆಡ್ಡೆಯ ದಾರಿ ಹೆಂಗಸರಿಗೆ. ಅದನ್ನು ಕಾಗದಕ್ಕೆ ಇಳಿಸಿ, ಪಕ್ಕದ ಹಾಡಿಗಳವರನ್ನು ಕೂರಿಸಿ ಗಡಿ ಒಪ್ಪಿಸಿ, ಆಮೇಲೆ ಜಿಪಿಎಸ್. ಒಂದು ಎಚ್ಚರಿಕೆ: ಜೇನಿನ ಬಂಡೆಗಳ ನಿಖರ ಬಿಂದುಗಳು ಹಾಡಿಯ ಕಡತದಲ್ಲಿರಲಿ, ಅಂತರ್ಜಾಲದ ಸಾರ್ವಜನಿಕ ನಕಾಶೆಯಲ್ಲಿ ಬೇಡ.

ಇದು ಎರಡು ತಿಂಗಳಲ್ಲಿ ಮುಗಿಯುವುದಿಲ್ಲ. ಶುರು ಮಾಡುವುದಾದರೆ ಹಾಡಿಯ ಇಬ್ಬರು ಓದಿದ ಹುಡುಗ ಹುಡುಗಿಯರ ಫೋನಿನಲ್ಲೇ ಮಾಡಿಸಿ.

ಕೊನೇ_ಸೆಮ್

ತುಂಬಾ ಉಪಯೋಗವಾಯಿತು. ಒಂದೇ ಒಂದು: ಬೆಟ್ಟಕುರುಬರ ಹಾಡಿಯಲ್ಲಿ ಹಿಂದೆಯೇ ಅರ್ಜಿ ಹಾಕಿದ್ದರಂತೆ, 'ರಿಜೆಕ್ಟ್ ಆಗಿದೆ' ಅಂತ ಬಾಯಿಮಾತಲ್ಲಿ ಹೇಳಿದ್ದಾರಂತೆ. ಹೊಸದಾಗಿ ಹಾಕಬೇಕಾ?

ಚೆಕ್‌ಬಂದಿ

ಹೊಸದು ಹಾಕುವ ಮುಂಚೆ ಹಳೆಯದರ ಗತಿ ತಿಳಿಯಿರಿ, ಇಲ್ಲದಿದ್ದರೆ ಒಂದೇ ಹೊಲಕ್ಕೆ ಎರಡು ಕಡತ ಆಗುತ್ತದೆ. ಬಾಯಿಮಾತಿನ ತಿರಸ್ಕಾರಕ್ಕೆ ಬೆಲೆ ಇಲ್ಲ. ಕಾರಣ ಬರೆದ ಹಿಂಬರಹವನ್ನು ಅರ್ಜಿದಾರರ ಕೈಗೇ ಕೊಡಬೇಕು. ಅದು ಸಿಕ್ಕ ದಿನದಿಂದ 60 ದಿನದೊಳಗೆ ಮೇಲ್ಮನವಿ, ತಕ್ಕ ಕಾರಣ ಇದ್ದರೆ ಇನ್ನೂ 30 ದಿನ. ಗ್ರಾಮಸಭೆಯ ನಿರ್ಣಯದ ವಿರುದ್ಧವಾದರೆ ಉಪವಿಭಾಗ ಸಮಿತಿಗೆ, ಉಪವಿಭಾಗ ಸಮಿತಿಯ ವಿರುದ್ಧವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ. ಒಂದು ಮೆಟ್ಟಿಲು ಹಾರಿ ಹೋಗುವಂತಿಲ್ಲ.

ಹುಣಸೂರಿನಲ್ಲಿರುವ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ ಕಚೇರಿಯಲ್ಲೂ ಉಪವಿಭಾಗಾಧಿಕಾರಿ ಕಚೇರಿಯಲ್ಲೂ ಹಾಡಿಯ ಹೆಸರಿಟ್ಟು ಪಟ್ಟಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 'ಆದೇಶದ ದೃಢೀಕೃತ ಪ್ರತಿ, ಸಭೆಯ ನಡಾವಳಿ, ಹಿಂಬರಹ ತಲುಪಿಸಿದ ಸ್ವೀಕೃತಿ' ಈ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಕೇಳಿ. ಸಾಮಾನ್ಯವಾಗಿ ಮೂರನೆಯದು ಇರುವುದಿಲ್ಲ. ಹಾಗಿದ್ದರೆ 60 ದಿನ ಶುರುವೇ ಆಗಿಲ್ಲ ಅಂತ ವಾದಿಸಬಹುದು. ಗ್ರಾಮಸಭೆಯ ನಿರ್ಣಯ ಅಪೂರ್ಣ ಅನ್ನಿಸಿದರೆ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಅರ್ಜಿಯನ್ನು ತಿರಸ್ಕರಿಸದೆ ಗ್ರಾಮಸಭೆಗೆ ವಾಪಸ್ ಕಳಿಸಬೇಕು ಅಂತಲೂ ನಿಯಮ ಇದೆ.

ಯಾರಾದರೂ "ಸುಪ್ರೀಂ ಕೋರ್ಟೇ ಖಾಲಿ ಮಾಡಿ ಅಂದಿದೆ" ಅಂತ ಹೆದರಿಸಿದ್ದರೆ, ಅದು 2019ರ ಫೆಬ್ರವರಿ 13ರ ಆದೇಶ. ಅದೇ ತಿಂಗಳು 28ಕ್ಕೆ ಕೋರ್ಟೇ ತಡೆ ಕೊಟ್ಟಿತು. ಪರಿಶೀಲನೆ ಪೂರ್ತಿ ಆಗುವ ತನಕ ಒಕ್ಕಲೆಬ್ಬಿಸುವಂತಿಲ್ಲ ಅಂತ ಕಾಯ್ದೆಯ ಸೆಕ್ಷನ್ 4(5). ಆ ಸೆಕ್ಷನ್ ಇರುವ ಪುಟದ ಕನ್ನಡ ಪ್ರತಿ ಯಜಮಾನರ ಬಳಿ ಇರಲಿ.

ಕಡತ ಮೂರು ಪ್ರತಿ ಮಾಡಿ: ಮೂಲ ಸಮಿತಿಯ ಮೂಲಕ ಉಪವಿಭಾಗಕ್ಕೆ, ಒಂದು ಸಮಿತಿಯ ಬಳಿ, ಒಂದು ಅರ್ಜಿದಾರರ ಮನೆಯಲ್ಲಿ. ಉಪವಿಭಾಗದ ಟಪಾಲಿನಲ್ಲಿ ಸೀಲು, ದಿನಾಂಕ ಹಾಕಿಸಿಕೊಂಡ ಹಾಳೆ ಮೂರಕ್ಕೂ ಸೇರಲಿ. ಗುಡಿಸಲಲ್ಲಿ ಗೆದ್ದಲು, ಇಲಿ, ಮಳೆ ಮೂರೂ ಕಾಗದಕ್ಕೆ ಶತ್ರು. ಪಾಲಿಥೀನ್ ಕವರಿನಲ್ಲಿ ಹಾಕಿ, ತಗಡಿನ ಟ್ರಂಕು ಕೊಡಿಸಿ, ನೆಲಕ್ಕೆ ತಾಗದ ಹಾಗೆ ಎರಡು ಇಟ್ಟಿಗೆ ಮೇಲೆ ಇಡಿಸಿ. ಬೀಗದ ಕೈ ಹಾಡಿಯವರ ಹತ್ತಿರವೇ ಇರಬೇಕು, ಸಂಸ್ಥೆಯ ಹತ್ತಿರ ಅಲ್ಲ, ನಿಮ್ಮ ಹತ್ತಿರವೂ ಅಲ್ಲ.